ಫೋಟೊ ಕನ್ವರ್ಟ್ ಮಾಡುವ ಮುಂಚೆ: ಚಾಪೆ, ಬೆಲ್ಲ ಮತ್ತು ಒತ್ತಕ್ಷರ

ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಲು ಅವತ್ತೇ ಕೊನೇ ದಿನ. ನನ್ನ ಡಿಟಿಪಿ ಅಂಗಡಿಗೆ ಒಬ್ಬ ಹುಡುಗಿ ಏದುಸಿರು ಬಿಡುತ್ತಾ ಬಂದಳು. "ಅಕ್ಕಾ, ಫೋಟೊ ತಗೊಳ್ತಾನೇ ಇಲ್ಲ. ಜೆಪಿಜಿ ಬೇಕು ಅಂತಿದೆ. ನಮ್ಮಣ್ಣ ಜೆಪಿಜಿ ಮಾಡಿ ಕೊಟ್ಟಿದಾನೆ, ಆದ್ರೂ ಎರರ್ ಬರ್ತಿದೆ" ಅಂದಳು. ಪೆನ್‌ಡ್ರೈವ್ ಹಾಕಿ ನೋಡಿದೆ. ಫೈಲಿನ ಹೆಸರಿನ ಕೊನೆಯಲ್ಲಿ ಜೆಪಿಜಿ ಅಂತ ಸರಿಯಾಗೇ ಇತ್ತು. ಒಳಗಿದ್ದದ್ದು ಮಾತ್ರ ಬೇರೆ ಬಗೆಯ ಫೈಲು, ಹೆಚ್‌ಇಐಸಿ. ಐಫೋನಿನಲ್ಲಿ ತೆಗೆದ ಫೋಟೊ ಅದು. ಅಣ್ಣ ರೀನೇಮ್ ಮಾಡಿ ಹೆಸರಿನ ಬಾಲವನ್ನಷ್ಟೇ ಬದಲಾಯಿಸಿದ್ದ.

ಇಂಥದ್ದು ತಿಂಗಳಿಗೆ ನಾಲ್ಕೈದಾದರೂ ಬರುತ್ತವೆ. ಇದರಲ್ಲಿ ಅವರ ತಪ್ಪೇನಿಲ್ಲ, ಯಾರೂ ಹೇಳಿಕೊಟ್ಟಿರುವುದಿಲ್ಲ ಅಷ್ಟೆ. ಹಿಟ್ಟಿನ ಡಬ್ಬಕ್ಕೆ ಸಕ್ಕರೆ ಅಂತ ಚೀಟಿ ಅಂಟಿಸಿದರೆ ಹಿಟ್ಟು ಸಿಹಿ ಆಗುವುದಿಲ್ಲ, ಅಲ್ವಾ? ಪ್ರತಿ ಚಿತ್ರದ ಫೈಲೂ ತಾನು ಯಾವ ಬಗೆಯದು ಅನ್ನುವುದನ್ನು ತನ್ನ ಶುರುವಿನ ಬೈಟ್‌ಗಳಲ್ಲೇ ಹೇಳಿಕೊಂಡಿರುತ್ತದೆ. ಬೈಟ್ ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಯುವ ಪುಟ್ಟ ಗೂಡು. ಪಿಎನ್‌ಜಿ ಫೈಲಿನ ಮೊದಲ ಬೈಟ್ 137, ಅದರ ಬೆನ್ನಿಗೇ ಪಿ, ಎನ್, ಜಿ ಅಕ್ಷರಗಳು. ಜೆಪೆಗ್ (ಜೆಪಿಜಿ ಅನ್ನುವುದೂ ಇದನ್ನೇ) ಆದರೆ 255, 216 ಅಂತ ಶುರು. ಅರ್ಜಿ ತೆಗೆದುಕೊಳ್ಳುವ ಕಂಪ್ಯೂಟರು ಹೆಸರು ನೋಡಿ ಬಾಗಿಲು ತೆರೆದರೂ, ಒಳಗಿನ ಬೈಟ್ ನೋಡಿ ವಾಪಸ್ ಕಳಿಸುತ್ತದೆ. ಇನ್ನೊಂದು ಸಂಗತಿ: ವಿಂಡೋಸ್‌ನಲ್ಲಿ ಹೆಸರಿನ ಬಾಲ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ನೀವು 'ಫೋಟೊ ಡಾಟ್ ಜೆಪಿಜಿ' ಅಂತ ಹೆಸರಿಟ್ಟರೂ ಅದರ ಹಿಂದೆ ಕಾಣದ ಹಾಗೆ ಹಳೇ ಬಾಲ ಹಾಗೇ ಉಳಿದಿರಬಹುದು.

ಹಾಗಾದರೆ ನಿಜವಾಗಿ ಕನ್ವರ್ಟ್ ಮಾಡುವುದು ಅಂದರೆ ಏನು? ಗಂಟು ಬಿಚ್ಚಿ, ಬೇರೆ ರೀತಿಯಲ್ಲಿ ಮತ್ತೆ ಕಟ್ಟುವುದು. ಸಾಫ್ಟ್‌ವೇರು ಹಳೇ ಫೈಲನ್ನು ಪೂರ್ತಿ ಬಿಚ್ಚಿ ಚುಕ್ಕಿ ಚುಕ್ಕಿಯಾಗಿ ಹರಡಿಕೊಳ್ಳುತ್ತದೆ. ಆ ಚುಕ್ಕಿಗಳೇ ಪಿಕ್ಸೆಲ್. ಆಮೇಲೆ ಅಷ್ಟನ್ನೂ ಹೊಸ ಫಾರ್ಮ್ಯಾಟಿನ ನಿಯಮದ ಪ್ರಕಾರ ಬರೆಯುತ್ತದೆ.

ಬಿಚ್ಚಿದಾಗ ಚಿತ್ರ ಎಷ್ಟು ದೊಡ್ಡದು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. 12 ಮೆಗಾಪಿಕ್ಸೆಲ್ ಫೋಟೊ ಅಂದರೆ ಅಗಲ 4000, ಎತ್ತರ 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕಿ. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ ಮೂರು ಬೈಟ್. ಅಂದರೆ 36 ಎಂಬಿ. ಆದರೆ ನಿಮ್ಮ ಫೋನಿನಲ್ಲಿ ಆ ಫೋಟೊ ಮೂರೋ ನಾಲ್ಕೋ ಎಂಬಿ ಇರುತ್ತದೆ. ಉಳಿದದ್ದು ಎಲ್ಲಿ ಹೋಯಿತು? ಫಾರ್ಮ್ಯಾಟುಗಳ ಕತೆಯೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಚಿತ್ರವನ್ನು ಚಿಕ್ಕದು ಮಾಡಲು ಎರಡು ದಾರಿ. ಒಂದು, ಚಾಪೆ ಸುತ್ತಿಡುವ ಹಾಗೆ. ಸುತ್ತಿದಾಗ ಮೂಲೆಯಲ್ಲಿ ನಿಲ್ಲುತ್ತದೆ, ಬಿಚ್ಚಿದರೆ ಒಂದು ಎಳೆಯೂ ಕಡಿಮೆಯಿಲ್ಲದೆ ಮೊದಲಿನ ಚಾಪೆಯೇ. ಪಿಎನ್‌ಜಿ ಮಾಡುವುದು ಇದನ್ನು. ಒಂದೇ ಥರದ ಸಂಖ್ಯೆಗಳು ಮತ್ತೆ ಮತ್ತೆ ಬಂದಾಗ ಅವನ್ನು ಚುಟುಕಾಗಿ ಬರೆದುಕೊಳ್ಳುತ್ತದೆ, ಯಾವುದನ್ನೂ ಬಿಸಾಡುವುದಿಲ್ಲ. ಇನ್ನೊಂದು, ಕಬ್ಬಿನ ಹಾಲನ್ನು ಕುದಿಸಿ ಬೆಲ್ಲ ಮಾಡುವ ಹಾಗೆ. ಗಾತ್ರ ಎಷ್ಟೋ ಪಾಲು ಇಳಿಯುತ್ತದೆ, ರುಚಿ ಉಳಿಯುತ್ತದೆ, ಆದರೆ ಹೋದದ್ದು ಹೋಯಿತು. ಜೆಪೆಗ್ ಬೆಲ್ಲದ ದಾರಿ.

ಜೆಪೆಗ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಇಷ್ಟು ಅರ್ಥವಾದರೆ ಮುಂದಿನದೆಲ್ಲ ಸಲೀಸು.

ಮೊದಲ ಹೆಜ್ಜೆ, ಹೊಳಪನ್ನೂ ಬಣ್ಣವನ್ನೂ ಬೇರೆ ಬೇರೆ ಮಾಡುವುದು. ನಮ್ಮ ಕಣ್ಣು ಬೆಳಕು ನೆರಳಿನ ವ್ಯತ್ಯಾಸವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ಸಣ್ಣ ವ್ಯತ್ಯಾಸವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಹಾಗಾಗಿ ಹೊಳಪನ್ನು ಪ್ರತಿ ಚುಕ್ಕಿಗೂ ಇಟ್ಟುಕೊಂಡು, ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಚುಕ್ಕಿಗೆ ಒಂದರಂತೆ ಇಟ್ಟುಕೊಳ್ಳುತ್ತದೆ. ಇಷ್ಟರಲ್ಲೇ ಸಂಖ್ಯೆಗಳು ಅರ್ಧಕ್ಕೆ ಇಳಿದವು.

ಎರಡನೆಯದು, ಇಡೀ ಚಿತ್ರವನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಪುಟ್ಟ ಚೌಕಗಳಾಗಿ ಕತ್ತರಿಸುವುದು. ಒಂದು ಚೌಕದಲ್ಲಿ 64 ಚುಕ್ಕಿ. ಒಂದೊಂದು ಚುಕ್ಕಿಯ ಹೊಳಪನ್ನು ಬರೆಯುವ ಬದಲು ಚೌಕಕ್ಕೆ ಬೇರೆ 64 ಪ್ರಶ್ನೆ ಕೇಳುತ್ತಾರೆ. ಈ ಚೌಕದ ಸರಾಸರಿ ಹೊಳಪು ಎಷ್ಟು? ಎಡದಿಂದ ಬಲಕ್ಕೆ ಅದು ಮೆಲ್ಲಗೆ ಎಷ್ಟು ಏರಿಳಿಯುತ್ತದೆ? ಮೇಲಿಂದ ಕೆಳಕ್ಕೆ ಎಷ್ಟು? ಇನ್ನೂ ಬೇಗ ಬೇಗ ಎಷ್ಟು? ಹೀಗೆ ಬರುವ 64 ಉತ್ತರಗಳಿಂದ ಚೌಕವನ್ನು ಮತ್ತೆ ಕಟ್ಟಬಹುದು. ಈ ಲೆಕ್ಕಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅಂತ ಹೆಸರು, ಚಿಕ್ಕದಾಗಿ ಡಿಸಿಟಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಡಿಸಿಟಿಯನ್ನು ಕಂಡುಹಿಡಿದವರು ಬೆಂಗಳೂರಿನಲ್ಲಿ ಹುಟ್ಟಿದವರು. ಹೆಸರು ನಾಸಿರ್ ಅಹ್ಮದ್. ಹುಟ್ಟಿದ್ದು 1940ರಲ್ಲಿ. ನಮ್ಮ ಬೆಂಗಳೂರಿನ ಯುವಿಸಿಇ ಕಾಲೇಜಿನಲ್ಲಿ 1961ರಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಿದ್ದಾಗ, 1972ರಲ್ಲಿ, ಈ ವಿಚಾರದ ಮೇಲೆ ಕೆಲಸ ಮಾಡಲು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿಗೆ ಹಣ ಕೇಳಿದರು. ಸಿಗಲಿಲ್ಲ. ಇದು ತೀರಾ ಸರಳ ಅನ್ನುವ ಅರ್ಥದಲ್ಲಿ ಒಬ್ಬ ಪರಿಶೀಲಕರು ಬರೆದಿದ್ದರು ಅಂತ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಕೈಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ. ಆರ್. ರಾವ್ ಜೊತೆ ಸೇರಿ ಕೆಲಸ ಮುಗಿಸಿ 1974ರ ಜನವರಿಯಲ್ಲಿ ಪ್ರಕಟಿಸಿದರು. 1992ರಲ್ಲಿ ಜೆಪೆಗ್ ಸ್ಟ್ಯಾಂಡರ್ಡ್ ಬಂದಾಗ ಅದರ ಎದೆಗೂಡಿನಲ್ಲಿ ಇದ್ದದ್ದು ಇದೇ ಲೆಕ್ಕ. ನೀವು ಇವತ್ತು ಬೆಳಿಗ್ಗೆ ನೋಡಿದ ಗುಡ್ ಮಾರ್ನಿಂಗ್ ಹೂವಿನ ಚಿತ್ರದಲ್ಲೂ ಅದು ಕೆಲಸ ಮಾಡಿರುತ್ತದೆ. ಆ ಕಾಲೇಜಿನ ಮುಂದೆ ಹೋಗುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ನಮ್ಮ ಶಾಲೆ ಪುಸ್ತಕಗಳಲ್ಲಿ ಅವರ ಬಗ್ಗೆ ಒಂದು ಪುಟವಾದರೂ ಇರಬೇಕು ಅಂತ ನನಗೆ ತುಂಬಾ ಆಸೆ.

ಸರಿ, ಚೌಕಕ್ಕೆ ವಾಪಸ್ ಬರೋಣ. ಡಿಸಿಟಿ ತಾನಾಗಿ ಏನನ್ನೂ ಕಳೆಯುವುದಿಲ್ಲ. ಕಳೆಯುವುದು ಮೂರನೇ ಹೆಜ್ಜೆ. ಆ 64 ಉತ್ತರಗಳನ್ನು ಒಂದೊಂದಾಗಿ ಒಂದು ಪಟ್ಟಿಯ ಸಂಖ್ಯೆಗಳಿಂದ ಭಾಗಿಸಿ, ಹತ್ತಿರದ ಪೂರ್ಣಸಂಖ್ಯೆ ಇಟ್ಟುಕೊಂಡು ಚಿಲ್ಲರೆ ಬಿಡುತ್ತಾರೆ. ಸ್ಟ್ಯಾಂಡರ್ಡ್ ಜೊತೆ ಉದಾಹರಣೆಗೆ ಅಂತ ಕೊಟ್ಟ ಪಟ್ಟಿಯಲ್ಲಿ, ಹೊಳಪಿನ ಲೆಕ್ಕಕ್ಕೆ, ಮೊದಲ ಸಂಖ್ಯೆ 16, ಕೊನೆಯದು 99. ಸರಾಸರಿಯ ಉತ್ತರ 130 ಇತ್ತು ಅಂದುಕೊಳ್ಳಿ. 16ರಿಂದ ಭಾಗಿಸಿದರೆ 8 ಚಿಲ್ಲರೆ, 8 ಇಟ್ಟುಕೊಂಡರು. ಚಿತ್ರ ತೆರೆಯುವಾಗ 8 ಸಲ 16, ಅಂದರೆ 128 ಸಿಗುತ್ತದೆ. ಎರಡು ಹೋಯಿತು, ಕಣ್ಣಿಗೆ ಕಾಣುವುದಿಲ್ಲ. ಆದರೆ ಕೊನೆಯ ಉತ್ತರ, ಅಂದರೆ ತೀರಾ ಬೇಗ ಬೇಗ ಬದಲಾಗುವ ಸೂಕ್ಷ್ಮದ ಉತ್ತರ, 40 ಇತ್ತು ಅಂದುಕೊಳ್ಳಿ. 99ರಿಂದ ಭಾಗಿಸಿದರೆ ಅರ್ಧವೂ ಇಲ್ಲ. ಸೊನ್ನೆ. ಆ ಸೂಕ್ಷ್ಮ ಇಡಿಯಾಗಿ ಅಳಿಸಿಹೋಯಿತು. ಹೀಗೆ ಹೆಚ್ಚಿನ ಉತ್ತರಗಳು ಸೊನ್ನೆ ಆಗುತ್ತವೆ. ಸೊನ್ನೆಗಳ ಸಾಲನ್ನು ಬರೆಯಲು ಹೆಚ್ಚು ಜಾಗ ಬೇಡ, ಅದಕ್ಕೇ ಫೈಲು ಅಷ್ಟು ಚಿಕ್ಕದು. ಸೇವ್ ಮಾಡುವಾಗ 'ಕ್ವಾಲಿಟಿ' ಅಂತ ಒಂದು ಸಂಖ್ಯೆ ಕೇಳುತ್ತದಲ್ಲ, ಅದು ಈ ಪಟ್ಟಿಯನ್ನೇ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ.

ಆಕಾಶ, ಗದ್ದೆ, ಮುಖ ಇವೆಲ್ಲ ಮೆಲ್ಲಗೆ ಬದಲಾಗುವಂಥವು. ಅಲ್ಲಿ ಈ ಉಪಾಯ ಅದ್ಭುತವಾಗಿ ಕೆಲಸ ಮಾಡುತ್ತದೆ. ಕಷ್ಟ ಬರುವುದು ಅಕ್ಷರದಲ್ಲಿ.

ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಅಂದರೆ ಒಮ್ಮೆಲೇ ಬಿಳಿ, ಒಮ್ಮೆಲೇ ಕಪ್ಪು. ಅದನ್ನು ಹೇಳಲು ಆ ಬೇಗ ಬೇಗ ಬದಲಾಗುವ ಉತ್ತರಗಳೇ ಬೇಕು, ಜೆಪೆಗ್ ಮೊದಲು ಬಿಡುವುದೂ ಅವನ್ನೇ. ಆಗ ಅಕ್ಷರದ ಸುತ್ತ ಧೂಳು ಮೆತ್ತಿದ ಹಾಗೆ ಕಲೆ ಕಲೆ ಕಾಣುತ್ತದೆ. ಕನ್ನಡಕ್ಕೆ ಇದು ಇನ್ನೂ ಜಾಸ್ತಿ ಪೆಟ್ಟು. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ಹೆಚ್ಚೂಕಡಿಮೆ ಒಂದೇ ಅಳತೆಯಲ್ಲಿ ನಿಲ್ಲುತ್ತವೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಪುಟ್ಟದಾಗಿ ಕೂರುತ್ತದೆ. ದ ಮತ್ತು ಧ, ಪ ಮತ್ತು ಫ, ಇವುಗಳ ನಡುವೆ ಇರುವುದು ಹೊಟ್ಟೆ ಸೀಳಿದ ಒಂದು ಸಣ್ಣ ಗೀಟು ಮಾತ್ರ.

ಕೆಲವು ವರ್ಷಗಳ ಹಿಂದೆ ಒಂದು ಲಗ್ನಪತ್ರಿಕೆ ಮಾಡಿ ಕೊಟ್ಟಿದ್ದೆ. ಮೇಲೆ 'ಶ್ರೀ ಸಿದ್ಧೇಶ್ವರ ಪ್ರಸನ್ನ' ಅಂತ ಕುಂಕುಮದ ಕೆಂಪಿನಲ್ಲಿ, ಅರಿಶಿನದ ಹಳದಿ ಹಿನ್ನೆಲೆಯ ಮೇಲೆ. ಮನೆಯವರು ಅದನ್ನು ಫೋನಿನಲ್ಲಿ ಕಳಿಸಿಕೊಂಡರು. ಅದು ಬಳಗದಲ್ಲಿ ಸುತ್ತಿತು. ಯಾರೋ ಅಂಚು ಕತ್ತರಿಸಿದರು, ಯಾರೋ ಸ್ಕ್ರೀನ್‌ಶಾಟ್ ತೆಗೆದರು. ಕೊನೆಗೆ ಹುಡುಗನ ಸೋದರಮಾವ ತಮ್ಮ ಫೋನಿಗೆ ಬಂದಿದ್ದನ್ನೇ ತೆಗೆದುಕೊಂಡು ಹೋಗಿ ಬೇರೆ ಊರಿನಲ್ಲಿ ನೂರು ಪ್ರತಿ ಪ್ರಿಂಟ್ ಹಾಕಿಸಿದರು. ಒಂದು ಪ್ರತಿ ನನ್ನ ಕೈಗೂ ಬಂತು. 'ಸಿದ್ಧೇಶ್ವರ'ದ ಒತ್ತಿನಲ್ಲಿದ್ದ ಸೀಳು ಮಾಯವಾಗಿ 'ಸಿದ್ದೇಶ್ವರ' ಆಗಿತ್ತು. ಕೆಳಗೆ ಮೊಬೈಲ್ ನಂಬರಿನಲ್ಲಿ 8 ಯಾವುದು, 3 ಯಾವುದು ಹೇಳಲು ಬರುತ್ತಿರಲಿಲ್ಲ. ಮನೆದೇವರ ಹೆಸರು ತಪ್ಪಾಯಿತು ಅಂತ ಹುಡುಗನ ಅಜ್ಜಿ ತುಂಬಾ ನೊಂದುಕೊಂಡರು. ನನಗೂ ಅವತ್ತು ಊಟ ಸೇರಲಿಲ್ಲ.

ಆಗ ನಡೆದದ್ದು ಇಷ್ಟು. ಹೀಗೆ ಕತ್ತರಿಸಿ, ಸ್ಕ್ರೀನ್‌ಶಾಟ್ ತೆಗೆದು ಮತ್ತೆ ಕಳಿಸಿದಾಗಲೆಲ್ಲ ಬೆಲ್ಲವನ್ನು ಕರಗಿಸಿ ಮತ್ತೆ ಬೆಲ್ಲ ಮಾಡಿದ ಹಾಗಾಗಿದೆ. ಸುಮ್ನೆ ತೆರೆದು ನೋಡಿದರೆ ಜೆಪೆಗ್ ಕೆಡುವುದಿಲ್ಲ. ಅದೇ ಕ್ವಾಲಿಟಿಯಲ್ಲಿ ಮತ್ತೆ ಸೇವ್ ಮಾಡಿದರೂ ಅಂಥ ನಷ್ಟವಿಲ್ಲ, ಸಂಖ್ಯೆಗಳು ಆಗಲೇ ಆ ಪಟ್ಟಿಗೆ ಹೊಂದಿಕೊಂಡಿರುತ್ತವೆ. ಆದರೆ ಅಂಚು ಕತ್ತರಿಸಿದರೆ ಅಥವಾ ಅಳತೆ ಬದಲಾಯಿಸಿದರೆ ಆ 8ರ ಚೌಕಗಳು ಬೇರೆ ಜಾಗದಲ್ಲಿ ಬೀಳುತ್ತವೆ. ಪ್ರತಿ ಚೌಕಕ್ಕೂ ಹೊಸ ಲೆಕ್ಕ, ಹೊಸ ನಷ್ಟ. ಕೆಂಪು ಅಕ್ಷರ, ಹಳದಿ ಹಿನ್ನೆಲೆ ಅಂದರಂತೂ ಬಣ್ಣವನ್ನು ನಾಲ್ಕು ಚುಕ್ಕಿಗೆ ಒಂದರಂತೆ ಇಟ್ಟದ್ದರಿಂದ ಅಂಚುಗಳು ಕದಡಿಹೋಗುತ್ತವೆ. ಅಂದಿನಿಂದ ನಾನು ಅಕ್ಷರ ಇರುವ ಯಾವುದನ್ನೂ ಜೆಪೆಗ್ ಮಾಡಿ ಕೊಡುವುದಿಲ್ಲ. ಪಿಎನ್‌ಜಿ ಅಥವಾ ಪಿಡಿಎಫ್ ಕೊಡುತ್ತೇನೆ. ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಫೋಟೊ ಅಂತ ಅಲ್ಲ, 'ಡಾಕ್ಯುಮೆಂಟ್' ಅಂತ ಕಳಿಸಿ ಅನ್ನುತ್ತೇನೆ. ಹಾಗೆ ಕಳಿಸಿದರೆ ಫೈಲು ಇದ್ದದ್ದು ಇದ್ದ ಹಾಗೇ ತಲುಪುತ್ತದೆ.

"ಹಾಗಾದ್ರೆ ಇರೋ ಜೆಪೆಗ್‌ನ ಪಿಎನ್‌ಜಿ ಮಾಡ್ಕೊಡಿ, ಕ್ಲಿಯರ್ ಆಗುತ್ತೆ" ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಬೆಲ್ಲಕ್ಕೆ ನೀರು ಹಾಕಿದರೆ ಪಾನಕ ಆಗುತ್ತದೆ, ಕಬ್ಬಿನ ಹಾಲು ಆಗುವುದಿಲ್ಲ. ಫೈಲು ಎರಡು ಮೂರು ಪಟ್ಟು ದಪ್ಪ ಆಗಬಹುದು, ಆ ಕಲೆಗಳೂ ಈಗ ಒಂದೂ ಬಿಡದೆ ಜೋಪಾನವಾಗಿ ಉಳಿಯುತ್ತವೆ. ಒಂದೇ ಒಂದು ಉಪಯೋಗ ಇದೆ. ಆ ಚಿತ್ರದ ಮೇಲೆ ಇನ್ನೂ ಹತ್ತು ಸಲ ಕೆಲಸ ಮಾಡಬೇಕು ಅಂದರೆ ಪಿಎನ್‌ಜಿ ಮಾಡಿಕೊಂಡು ಮಾಡಿ, ಮುಂದಿನ ನಷ್ಟವಾದರೂ ನಿಲ್ಲುತ್ತದೆ.

ಪಿಎನ್‌ಜಿ ಹುಟ್ಟಿದ್ದು ಒಂದು ಜಗಳದಿಂದ. ಅದಕ್ಕೂ ಮುಂಚೆ ಎಲ್ಲರೂ ಬಳಸುತ್ತಿದ್ದದ್ದು ಜಿಐಎಫ್, 1987ರಲ್ಲಿ ಕಂಪ್ಯುಸರ್ವ್ ಅನ್ನುವ ಕಂಪನಿ ತಂದದ್ದು. ಅದರೊಳಗಿನ ಅಡಕ ಮಾಡುವ ವಿಧಾನಕ್ಕೆ ಯೂನಿಸಿಸ್ ಕಂಪನಿಯ ಪೇಟೆಂಟ್ ಇತ್ತು. ಜಿಐಎಫ್ ಮಾಡುವ ಸಾಫ್ಟ್‌ವೇರಿಗೆ ಲೈಸೆನ್ಸ್ ಬೇಕು ಅನ್ನುವ ಸುದ್ದಿ 1994ರ ಕೊನೆಗೆ ಹೊರಬಿತ್ತು. ಜನ ಸಿಟ್ಟಾದರು, ಕೆಲವೇ ತಿಂಗಳಲ್ಲಿ ಸೇರಿ ಯಾರ ಹಂಗೂ ಇಲ್ಲದ ಹೊಸ ಫಾರ್ಮ್ಯಾಟ್ ಕಟ್ಟಿದರು. 1996ರಲ್ಲಿ ಅದು ಸ್ಟ್ಯಾಂಡರ್ಡ್ ಆಯಿತು. ಜಿಐಎಫ್‌ನಲ್ಲಿ ಒಂದು ಚಿತ್ರಕ್ಕೆ 256 ಬಣ್ಣ ಮಾತ್ರ. ಮದುವೆ ಫೋಟೊವನ್ನು ಜಿಐಎಫ್ ಮಾಡಿದರೆ ಕೆನ್ನೆಯ ಮೇಲೆ ಪಟ್ಟೆ ಪಟ್ಟೆ ಬರುವುದು ಅದಕ್ಕೇ.

ಪಿಎನ್‌ಜಿಯಿಂದ ಜೆಪೆಗ್‌ಗೆ ಹೋಗುವಾಗ ಇನ್ನೊಂದು ಹೊಂಡ ಇದೆ. ಪಿಎನ್‌ಜಿಯಲ್ಲಿ ಹಿನ್ನೆಲೆ ಪಾರದರ್ಶಕ ಇರಬಹುದು, ಗಾಜಿನ ಮೇಲೆ ಬಿಡಿಸಿದ ಹಾಗೆ. ಜೆಪೆಗ್‌ಗೆ ಪಾರದರ್ಶಕ ಅನ್ನುವುದೇ ಗೊತ್ತಿಲ್ಲ. ಸಂಘದ ಲಾಂಛನವನ್ನೋ ಸಹಿಯನ್ನೋ ಹಾಗೇ ಜೆಪೆಗ್ ಮಾಡಿದರೆ, ಕೆಲವು ಸಾಫ್ಟ್‌ವೇರು ಹಿನ್ನೆಲೆಯನ್ನು ಬಿಳಿ ಮಾಡುತ್ತವೆ, ಕೆಲವು ಕಪ್ಪು ಮಾಡುತ್ತವೆ. ಕಪ್ಪು ಸಹಿ ಕಪ್ಪು ಹಿನ್ನೆಲೆಯಲ್ಲಿ ಮುಳುಗಿಯೇ ಹೋಗುತ್ತದೆ. ಮೊದಲು ಕೆಳಗೆ ಒಂದು ಬಿಳಿ ಪದರ ಹಾಕಿ, ಆಮೇಲೆ ಸೇವ್ ಮಾಡಿ.

ಈಗ ಆ ಹುಡುಗಿಯ ಹೆಚ್‌ಇಐಸಿಗೆ ಬರುತ್ತೇನೆ. ಆ್ಯಪಲ್ 2017ರಲ್ಲಿ, ಐಒಎಸ್ 11 ಜೊತೆ, ಐಫೋನಿನ ಕ್ಯಾಮೆರಾಕ್ಕೆ ಇದನ್ನು ತಂದಿತು. ವಿಡಿಯೊ ಅಡಕ ಮಾಡುವ ಹೊಸ ಜಾಣತನವನ್ನೇ ಇಲ್ಲಿ ಒಂಟಿ ಚಿತ್ರಕ್ಕೆ ಬಳಸಿದ್ದಾರೆ. ಹೆಚ್ಚೂಕಡಿಮೆ ಅದೇ ಅಂದ, ಜೆಪೆಗ್‌ನ ಅರ್ಧದಷ್ಟು ಜಾಗ. ಫಾರ್ಮ್ಯಾಟ್ ಒಳ್ಳೆಯದೇ, ಆದರೆ ಅರ್ಜಿ ತೆಗೆದುಕೊಳ್ಳುವ ಎಷ್ಟೋ ವೆಬ್‌ಸೈಟುಗಳಿಗೆ ಅದರ ಭಾಷೆ ಬರುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್, ಅಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಮುಂದಿನ ಫೋಟೊಗಳು ಜೆಪೆಗ್ ಆಗಿಯೇ ಬರುತ್ತವೆ. ಗೂಗಲ್ 2010ರಲ್ಲಿ ತಂದ ವೆಬ್‌ಪಿ, ಅದರ ನಂತರದ ಎವಿಐಎಫ್ ಕೂಡ ಇಂಥವೇ. ವೆಬ್‌ಸೈಟಿನಿಂದ ಚಿತ್ರ ಇಳಿಸಿಕೊಂಡಾಗ ಪ್ರಿಂಟಿನವರ ಹಳೇ ಸಾಫ್ಟ್‌ವೇರಿನಲ್ಲಿ ತೆರೆಯದಿದ್ದರೆ ಬಹುಪಾಲು ಇವೇ ಕಾರಣ.

ಅವಳ ಅರ್ಜಿಯಲ್ಲಿ ಕೇಳಿದ್ದು 200 ಚುಕ್ಕಿ ಅಗಲ, 230 ಚುಕ್ಕಿ ಎತ್ತರ, 20ರಿಂದ 50 ಕೆಬಿ. ಇಲ್ಲಿ ಎಲ್ಲರೂ ಮಾಡುವ ಕೆಲಸ ಅಂದರೆ ಕ್ವಾಲಿಟಿಯನ್ನು ಕೆಳಗೆ ಕೆಳಗೆ ಎಳೆಯುವುದು. 12 ಮೆಗಾಪಿಕ್ಸೆಲ್ ಫೋಟೊವನ್ನು ಹಾಗೇ 50 ಕೆಬಿಗೆ ಇಳಿಸಲು ಹೋದರೆ ಮುಖ ಪೂರ್ತಿ ಚೌಕ ಚೌಕ ಆಗುತ್ತದೆ. ಮೊದಲು ಅಳತೆ ಇಳಿಸಬೇಕು. 200 ಸಲ 230 ಅಂದರೆ 46,000 ಚುಕ್ಕಿ. ಒಂದೂ ಅಡಕ ಮಾಡದೆ ಬರೆದರೂ 138 ಸಾವಿರ ಬೈಟ್ ಅಷ್ಟೆ. ಅದನ್ನು 50 ಕೆಬಿ ಒಳಗೆ ತರಲು ಕ್ವಾಲಿಟಿ ಇಳಿಸುವ ಅಗತ್ಯವೇ ಬೀಳುವುದಿಲ್ಲ. ಒಮ್ಮೊಮ್ಮೆ 20ಕ್ಕಿಂತ ಕಡಿಮೆ ಆಗಿ ಬೈಸಿಕೊಳ್ಳುತ್ತೇವೆ, ಆಗ ಕ್ವಾಲಿಟಿ ಏರಿಸಿದರಾಯಿತು. ಹಾಗೆಯೇ ಫೋನಿನ ಉದ್ದನೆ ಫೋಟೊವನ್ನು ನೇರವಾಗಿ 200, 230 ಅಂತ ಅದುಮಿದರೆ ಮುಖ ಅಗಲ ಆಗುತ್ತದೆ. ಮೊದಲು ಅದೇ ಆಕಾರಕ್ಕೆ ಕತ್ತರಿಸಿ, ಆಮೇಲೆ ಚಿಕ್ಕದು ಮಾಡಿ. ಅವಳದನ್ನು ಹೀಗೆ ಮಾಡಿದೆ, ಮೊದಲ ಸಲಕ್ಕೇ ಹತ್ತಿತು.

ಈ ಕೆಲಸಕ್ಕೆ ಯಾವುದೋ ಗೊತ್ತಿಲ್ಲದ ವೆಬ್‌ಸೈಟಿಗೆ ಆಧಾರ್ ಕಾರ್ಡು, ಸಹಿ, ಮಾರ್ಕ್ಸ್ ಕಾರ್ಡುಗಳನ್ನು ಅಪ್ಲೋಡ್ ಮಾಡುವುದನ್ನು ನೋಡಿದರೆ ನನಗೆ ಹೊಟ್ಟೆ ಕಲಸುತ್ತದೆ. ದಯವಿಟ್ಟು ಬೇಡ. ವಿಂಡೋಸ್‌ನ ಪೇಂಟಿನಲ್ಲೇ ಅಳತೆ ಬದಲಾಯಿಸಬಹುದು, 'ಸೇವ್ ಆ್ಯಸ್' ಕೊಟ್ಟು ಜೆಪೆಗ್ ಅಥವಾ ಪಿಎನ್‌ಜಿ ಮಾಡಬಹುದು. ಕ್ವಾಲಿಟಿ ನಿಮ್ಮ ಕೈಯಲ್ಲೇ ಇರಬೇಕು ಅಂದರೆ ಜಿಂಪ್ ಇದೆ, ಪುಕ್ಕಟೆ. ನೂರಾರು ಫೋಟೊ ಒಟ್ಟಿಗೆ ಆಗಬೇಕಾದರೆ ಇರ್ಫಾನ್‌ವ್ಯೂನಲ್ಲಿ ಒಂದೇ ಏಟಿಗೆ ಆಗುತ್ತದೆ.

ಚಿತ್ರದ ಜೊತೆಗೆ ಫೈಲಿನೊಳಗೆ ಒಂದು ಚೀಟಿಯೂ ಇರುತ್ತದೆ. ಅದಕ್ಕೆ ಎಕ್ಸಿಫ್ ಅನ್ನುತ್ತಾರೆ. ಯಾವತ್ತು, ಎಷ್ಟು ಹೊತ್ತಿಗೆ ತೆಗೆದದ್ದು, ಯಾವ ಕ್ಯಾಮೆರಾ, ಲೊಕೇಶನ್ ಆನ್ ಇದ್ದರೆ ಯಾವ ಜಾಗ, ಫೋನನ್ನು ಹೇಗೆ ಹಿಡಿದಿದ್ದಿರಿ, ಎಲ್ಲ ಅದರಲ್ಲಿ. ಕೆಲವು ಸಾಫ್ಟ್‌ವೇರು ಕನ್ವರ್ಟ್ ಮಾಡುವಾಗ ಈ ಚೀಟಿಯನ್ನು ಬಿಟ್ಟುಬಿಡುತ್ತವೆ. ಆಗ ನೆಟ್ಟಗಿದ್ದ ಫೋಟೊ ಅಡ್ಡ ಮಲಗುವುದುಂಟು. ಅದನ್ನು ತಿರುಗಿಸಬಹುದು. ಆದರೆ ಹತ್ತು ವರ್ಷದ ಮನೆಯ ಫೋಟೊಗಳ ತಾರೀಖೆಲ್ಲ ಇವತ್ತಿನದೇ ಆಗಿಬಿಟ್ಟರೆ ಮಗುವಿನ ನಾಮಕರಣ ಯಾವುದು, ಮೊದಲ ಹುಟ್ಟುಹಬ್ಬ ಯಾವುದು ಅಂತ ಸಾಲು ಹಚ್ಚಲು ಬರುವುದಿಲ್ಲ. ಒಂದೆರಡನ್ನು ಮಾಡಿ, ತಾರೀಖು ಉಳಿದಿದೆಯಾ ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ.

ಎಸ್‌ವಿಜಿ ಬೇರೆಯೇ ಬಗೆ. ಅದರಲ್ಲಿ ಚುಕ್ಕಿಗಳಿಲ್ಲ, 'ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಒಳಗೆ ಕೆಂಪು ತುಂಬು' ಅನ್ನುವ ಸೂಚನೆಗಳಿರುತ್ತವೆ. ಹಾಗಾಗಿ ಎಷ್ಟು ದೊಡ್ಡದು ಮಾಡಿದರೂ ಅಂಚು ಕೆಡುವುದಿಲ್ಲ. ಅದನ್ನು ಪಿಎನ್‌ಜಿ ಮಾಡುವುದು ಸುಲಭ. ಚುಕ್ಕಿಗಳಿಂದ ಗೆರೆಗೆ ಹೋಗುವುದು ಕನ್ವರ್ಟ್ ಅಲ್ಲ, ಹೊಸದಾಗಿ ಬಿಡಿಸಿದ ಹಾಗೆ. ಫ್ಲೆಕ್ಸ್ ಹಾಕಿಸಲು ಬಂದವರನ್ನು ಲೋಗೊದ ಮೂಲ ಫೈಲ್ ಇದೆಯಾ ಅಂತ ನಾವು ಕೇಳುವುದು ಇದಕ್ಕೇ.

ಮೊನ್ನೆ ಒಬ್ಬ ಹಿರಿಯರು ತಮ್ಮ ಅಮ್ಮನ ಕಪ್ಪುಬಿಳುಪು ಫೋಟೊ ತಂದಿದ್ದರು. ಅಂಗೈಗಿಂತ ಸ್ವಲ್ಪ ದೊಡ್ಡದು, 4 ಇಂಚು, 6 ಇಂಚು. "ಮೊಬೈಲ್‌ಗೆ ಹಾಕ್ಕೊಡಮ್ಮ" ಅಂದರು. ಸ್ಕ್ಯಾನರಿನಲ್ಲಿ ಇಂಚಿಗೆ 600 ಚುಕ್ಕಿ ಇಟ್ಟೆ. 2400 ಸಲ 3600 ಚುಕ್ಕಿ, ಹಳೇ ಕಾಗದದ ಕಂದು ಬಣ್ಣವೂ ಸಿಗಲಿ ಅಂತ ಬಣ್ಣದ ಲೆಕ್ಕದಲ್ಲೇ ತೆಗೆದೆ. ಏನನ್ನೂ ಬಿಸಾಡದ ಟಿಫ್ ಅನ್ನುವ ಬಗೆಯಲ್ಲಿ ಉಳಿಸಿದೆ, ಫೈಲು 26 ಎಂಬಿ ಆಯಿತು. ಅದರಿಂದ ಒಂದು ಜೆಪೆಗ್ ಮಾಡಿ ಫೋನಿಗೆ ಹಾಕಿದೆ. ಟಿಫ್ ಅನ್ನು ಬೇರೆ ಪೆನ್‌ಡ್ರೈವಿಗೆ ಹಾಕಿ, ಇದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಹೀಗೇ ಎತ್ತಿಡಿ, ಇನ್ನೊಂದು ಪ್ರತಿ ಮಗಳ ಮನೆಯಲ್ಲೂ ಇರಲಿ ಅಂದೆ. 32 ಜಿಬಿಯ ಪೆನ್‌ಡ್ರೈವಿನಲ್ಲಿ ಇಂಥವು ಸಾವಿರಕ್ಕೂ ಜಾಸ್ತಿ ಹಿಡಿಯುತ್ತವೆ. ಅವರು ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿಸಿ ನೋಡಿದರು. ಸೀರೆಯ ಅಂಚಿನಲ್ಲಿ ರುದ್ರಾಕ್ಷಿಯ ಸಾಲು ಒಂದೊಂದಾಗಿ ಎಣಿಸುವಂತೆ ಕಾಣುತ್ತಿತ್ತು. "ಇದು ಇಳಕಲ್ ಸೀರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದರು.